ಹಳೇಬೀಡಿನಲ್ಲೊಂದು ಖಾಲಿ ಗೋಡೆ

ದೇವೇಂದ್ರನ ಫಜೀತಿಗೆಲ್ಲ ಮೂಲ ಒಂದು ಬದನೆಕಾಯಿ ಬಣ್ಣದ ಸೀರೆ. ಅದು ಅವನು ಕೊಂಡದ್ದಲ್ಲ, ಕಣ್ಣಾರೆ ನೋಡಿದ್ದೂ ಅಲ್ಲ. ಐದು ವರ್ಷದ ಹಿಂದೆ, ಈಗ ಅವನಿಗೆ ಗೊತ್ತಾಗಿರುವ ಹುಡುಗಿ ಶ್ಯಾಮಲಾಳ ಅಕ್ಕ ಮಾಲಿನಿಯ ಮದುವೆಗೆ ಗಂಡಿನ ಕಡೆಯವರು ತಂದ ಧಾರೆ ಸೀರೆ ಅದು. ಬದನೆಕಾಯಿ ಬಣ್ಣದ ಒಡಲು, ಗಿಳಿಹಸಿರು ಅಂಚು, ಅದೇ ಗಿಳಿಹಸಿರು ಸೆರಗು. ಉಡುವವಳನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಮಾಲಿನಿ ಅದನ್ನುಟ್ಟು, ಹಸಿರು ಸೆರಗನ್ನು ತಲೆ ತುಂಬ ಹೊದ್ದು ಹಸೆಮಣೆಯ ಮೇಲೆ ಕೂತಾಗ, ತೊಟ್ಟು ಸಮೇತ ತಕ್ಕಡಿಗೆ ಹಾಕಿದ ಬದನೆಕಾಯಿ ಹಾಗಿದ್ದಾಳೆ ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಚಪ್ಪರವೆಲ್ಲ ನಕ್ಕಿತು. ಅವತ್ತಿನಿಂದ ಹಳೇಬೀಡಿನಲ್ಲಿ ಅದಕ್ಕೆ 'ಬದನೆಕಾಯಿ ಮದುವೆ' ಎಂದೇ ಹೆಸರು. ಆಲ್ಬಮ್ಮನ್ನು ಬೀರುವಿನ ಕೆಳಗೆ ತಳ್ಳಿದ ಮಾಲಿನಿ ಇವತ್ತಿನವರೆಗೂ ಅದನ್ನು ತೆಗೆದಿಲ್ಲ.

ಆದ್ದರಿಂದ ಶ್ಯಾಮಲಾ ಅರಸೀಕೆರೆಗೆ ಫೋನು ಮಾಡಿ, ಅಕ್ಕನ ಕತೆಯನ್ನೆಲ್ಲ ಹೇಳಿ, ದೇವೇಂದ್ರನಿಗೆ ಸ್ಪಷ್ಟವಾಗಿ ಹೇಳಿದ್ದಳು.

“ನಾನು ಒಡವೆ ಕೇಳ್ಲಿಲ್ಲ, ಛತ್ರ ಎಲ್ಲಿ ಅಂತ ಕೇಳ್ಲಿಲ್ಲ. ಒಂದೇ ಒಂದು ಕೇಳ್ತೀನಿ. ಧಾರೆ ಸೀರೆ ನನಗೆ ಒಪ್ಪುತ್ತೋ ಇಲ್ವೋ ಅಂತ ನನ್ನ ಮೇಲೆ ಇಟ್ಟು ನೋಡ್ದೆ ತರಬೇಡಿ. ಇಷ್ಟೂ ಆಗಲ್ಲ ಅಂದ್ರೆ ಬಿಡಿ, ಮುಂದೆ ನಿಮ್ಮನ್ನ ಏನೂ ಕೇಳಲ್ಲ.”

ಈ ಕೊನೆಯ ಮಾತು ದೇವೇಂದ್ರನ ಎದೆಗೆ ನಾಟಿತು. ಹೆಂಡತಿಯಾಗುವವಳು ಏನೂ ಕೇಳುವುದಿಲ್ಲ ಎಂದರೆ ಅದು ಉಳಿತಾಯವಲ್ಲ, ಬೆದರಿಕೆ ಎಂಬುದು ಅವನಂಥ ಕರೆಂಟ್ ಆಫೀಸಿನ ಗುಮಾಸ್ತನಿಗೂ ಅರ್ಥವಾಗುತ್ತದೆ. ಅಷ್ಟೇ ಅಲ್ಲ, ಅವನಿಗೆ ಆ ಹುಡುಗಿ ನಿಜವಾಗಿಯೂ ಇಷ್ಟವಾಗಿದ್ದಳು. ಅವಳು ಕೇಳಿದ ಮೊದಲನೇ ಮಾತನ್ನೇ ನಡೆಸಿಕೊಡಲಾಗದಿದ್ದರೆ ತಾನು ಎಂಥ ಗಂಡ ಎಂದು ಅವನಿಗೆ ಅನ್ನಿಸಿತು.

ಅಡ್ಡಿ ಇದ್ದದ್ದು ಅವನ ಅವ್ವ ಹನುಮಕ್ಕನ ರೂಪದಲ್ಲಿ. ಧಾರೆ ಸೀರೆಯ ವಿಷಯದಲ್ಲಿ ಹನುಮಕ್ಕನ ಕಾನೂನು ಚಿಕ್ಕದು, ಗಟ್ಟಿಯಾದದ್ದು. “ಧಾರೆ ಸೀರೆ ಧಾರೆಗೆ ಮುಂಚೆ ಹೆಣ್ಣಿನ ಮೈ ಮುಟ್ಟಬಾರ್ದು ಕಣ್ಲಾ. ಮುಟ್ಟಿದ್ರೆ ಉಟ್ಟಂಗೆ. ಉಟ್ಟ ಸೀರೆ ಹಸೆಮಣೆಗೆ ಆಗಕಿಲ್ಲ.” ಲಗ್ನಪತ್ರಿಕೆ ಬರೆದ ಮೇಲೆ ಗಂಡು ಹೋಗಿ ಹೆಣ್ಣನ್ನು ನೋಡಕೂಡದು ಎಂಬುದು ಅದರ ಜೊತೆಯ ಇನ್ನೊಂದು ಕಾನೂನು. ಜವಳಿ ತೆಗೆಯುವುದಂತೂ ಅರಸೀಕೆರೆಯ ಮರಿಯಣ್ಣನ ಅಂಗಡಿಯಲ್ಲೇ ಆಗಬೇಕು. ಆ ಮನೆಯ ಮೂರು ತಲೆಮಾರಿನ ಸೊಸೆಯರ ಧಾರೆ ಸೀರೆ ಅಲ್ಲಿಂದಲೇ ಬಂದದ್ದು. ಈ ಸಲ ಜವಳಿಗೆ ಗೊತ್ತಾದ ಹೊತ್ತು ಬುಧವಾರ ಸಂಜೆ ಐದರಿಂದ ಆರೂವರೆ. ಅದು ತಪ್ಪಿದರೆ ಅಮಾವಾಸ್ಯೆ ಕಳೆಯುವ ತನಕ ಹೊಸ ಬಟ್ಟೆ ಮುಟ್ಟುವ ಹಾಗಿಲ್ಲ, ಅಮಾವಾಸ್ಯೆ ಕಳೆದ ಮೂರನೇ ದಿನವೇ ಮದುವೆ.

ದಾರಿ ತೋರಿಸಿದ್ದು ಅದೇ ಮರಿಯಣ್ಣನ ಅಂಗಡಿ. ಅಲ್ಲಿಗೆ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಬೆನ್ನಿಗೇ 'ಉಡದೆಯೇ ಉಟ್ಟು ನೋಡಿ' ಎಂಬ ಬೋರ್ಡೂ ಬಂದಿತ್ತು. ಹಾಸನದಲ್ಲಿ ಕಂಪ್ಯೂಟರ್ ಕಲಿತು ಬಂದ ಸಮ್ಯಕ್ ಎಂಬ ತರುಣ ಅಂಗಡಿಯ ಧಾರೆ ಸೀರೆಗಳನ್ನೆಲ್ಲ ಒಂದೊಂದಾಗಿ ಅದರೊಳಗೆ ತುಂಬಿದ್ದ. ಯಾರದಾದರೂ ನಿಂತಿರುವ ಫೋಟೋ ಕೊಟ್ಟರೆ ಸಾಕು, ಅವರಿಗೆ ಬೇಕಾದ ಸೀರೆಯನ್ನು ಪರದೆಯ ಮೇಲೆ ಉಡಿಸಿ ತೋರಿಸುತ್ತಿದ್ದ. ಸೀರೆ ಬೀರುವಿನಿಂದ ಅಲ್ಲಾಡಬೇಕಾಗಿಲ್ಲ, ಹೆಣ್ಣು ಹಳೇಬೀಡಿನಿಂದ ಅಲ್ಲಾಡಬೇಕಾಗಿಲ್ಲ. ಅವ್ವನ ಕಾನೂನೂ ಉಳಿಯಿತು, ಶ್ಯಾಮಲಾಳ ಮಾತೂ ಉಳಿಯಿತು ಎಂದು ದೇವೇಂದ್ರ ಕುಣಿದಾಡಿದ.

“ಫೋಟೋ ಮಾತ್ರ ಸರಿಯಾಗಿರ್ಬೇಕು ಸಾರ್,” ಎಂದು ಸಮ್ಯಕ್ ಒಂದು ಚೀಟಿ ಬರೆದುಕೊಟ್ಟ. “ಅಡಿಯಿಂದ ಮುಡಿವರೆಗೆ ಬರ್ಬೇಕು. ನೆಟ್ಟಗೆ, ಎದುರಿಗೆ ನೋಡ್ತಾ ನಿಲ್ಬೇಕು. ಬಟ್ಟೆ ಮೈಗೆ ಹತ್ತಿದಂಗಿರ್ಬೇಕು, ವೇಲ್ ಇರಬಾರ್ದು. ಕೂದಲು ಹಿಂದಕ್ಕೆ ಕಟ್ಟಿರ್ಬೇಕು. ಎರಡು ಕೈನೂ ಮೈಯಿಂದ ಒಂದು ಗೇಣು ದೂರ. ಬೆಳಕು ಎದುರಿಂದ ಬರ್ಬೇಕು, ನೆರಳು ಬೀಳಬಾರ್ದು. ಎಲ್ಲಕ್ಕಿಂತ ಮುಖ್ಯ, ಹಿಂದೆ ಒಂದೇ ಬಣ್ಣದ ಖಾಲಿ ಗೋಡೆ.”

“ಗೋಡೆ ಸ್ವಲ್ಪ ಹೆಚ್ಚುಕಮ್ಮಿ ಆದ್ರೆ?”

“ಹೋದ ವಾರ ಗಂಡಸಿ ಊರಿನವರೊಬ್ರು ಸೈಕಲ್ ಪಕ್ಕ ನಿಂತಿರೋ ಫೋಟೋ ತಂದಿದ್ರು. ಕಂಪ್ಯೂಟರ್ ಸೈಕಲ್ಲಿಗೂ ಸೀರೆ ಉಡಿಸ್ಬಿಡ್ತು ಸಾರ್. ಹಿಂದೆ ಪಂಚೆ ಗಿಂಚೆ ಕಟ್ಟೀರಾ ಮತ್ತೆ. ಅದರ ಮಡಿಕೆಗಳನ್ನೂ ನೆರಿಗೆ ಅಂದ್ಕೊಳುತ್ತೆ.”

ಹೀಗಾಗಿ ಬುಧವಾರ ಬೆಳಿಗ್ಗೆ ದೇವೇಂದ್ರ, ಜ್ವರ ಎಂದು ಆಫೀಸಿಗೆ ರಜೆ ಚೀಟಿ ಕಳಿಸಿ, ಆಫೀಸು ಎಂದು ಅವ್ವನಿಗೆ ಹೇಳಿ, ಹಳೇಬೀಡಿನ ಬಸ್ಸು ಹತ್ತಿದ. ಕೈಯಲ್ಲಿ ಸಹೋದ್ಯೋಗಿ ಧರ್ಮೇಶನ ಡಿಜಿಟಲ್ ಕ್ಯಾಮೆರಾ. “ಸೆಲ್ಲು ಹಳೇವು. ಹತ್ತು ಫೋಟೋ ಬಂದ್ರೆ ನಿನ್ನ ಪುಣ್ಯ,” ಎಂದು ಧರ್ಮೇಶ ಎಚ್ಚರಿಸಿದ್ದ. ವಾಪಸು ಬರಲು ಎರಡೂವರೆಗೆ ಒಂದು ಬಸ್ಸು. ಅದು ಬಿಟ್ಟರೆ ನಾಲ್ಕೂಕಾಲಕ್ಕೆ, ಅಷ್ಟು ಹೊತ್ತಿಗೆ ಹೊರಟರೆ ಜವಳಿ ಮುಗಿದೇ ಹೋಗಿರುತ್ತದೆ. ಹನ್ನೊಂದಕ್ಕೆ ಹಳೇಬೀಡಿನಲ್ಲಿ ಇಳಿದಾಗ ಅವನಿಗೆ ಮೂರೂವರೆ ಗಂಟೆ ಬಿಡುವಿತ್ತು. ಒಂದು ಗೋಡೆ ಹುಡುಕಲು ಮೂರೂವರೆ ಗಂಟೆ ಯಾಕೆ ಎಂದು ಅವನು ನಿಶ್ಚಿಂತೆಯಿಂದ ಒಂದು ಕಾಫಿ ಕುಡಿದ. ಆ ಕಾಫಿಯನ್ನು ನೆನೆದು ಅವನು ಆಮೇಲೆ ಬಹಳ ಪಶ್ಚಾತ್ತಾಪಪಟ್ಟ.

ಶ್ಯಾಮಲಾಳ ಮನೆಯ ಹೊಸ್ತಿಲು ತುಳಿಯುವ ಹಾಗಿರಲಿಲ್ಲ. ಪಕ್ಕದ ಮನೆಯ ಸುವರ್ಣಮ್ಮ ಗುಟ್ಟಿನಲ್ಲಿ ಒಪ್ಪಿದ್ದಳು. ರವಿಕೆ ಅಳತೆಯ ನೆಪ ಹೇಳಿ ಶ್ಯಾಮಲಾ ಅಲ್ಲಿಗೆ ಬಂದಿದ್ದಳು. ಮೈಗೆ ಹತ್ತುವ ಕಪ್ಪು ಚೂಡಿದಾರ್, ಹಿಂದಕ್ಕೆ ಬಿಗಿದ ಜಡೆ. ಚೀಟಿ ಓದಿದವಳ ಹಾಗೆಯೇ ತಯಾರಾಗಿದ್ದಳು. ದೇವೇಂದ್ರ ಅವಳನ್ನು ನೋಡಿ ನಕ್ಕ. ಅವಳೂ ನಕ್ಕಳು. ಇಬ್ಬರ ನಡುವೆ ಸುವರ್ಣಮ್ಮ ಒಂದು ಕುರ್ಚಿ ಹಾಕಿಕೊಂಡು ಕೂತಳು.

ಆ ಮನೆಯ ನಡುಮನೆಯ ಗೋಡೆ ಕೆಳಗರ್ಧ ನೀಲಿ, ಮೇಲರ್ಧ ಹಳದಿ. ಒಂದು ಕಡೆ ಮಾತ್ರ ಪೂರ್ತಿ ಹಳದಿ ಇತ್ತು, ಅಲ್ಲಿ ಏಳು ಕ್ಯಾಲೆಂಡರ್ ತೂಗುತ್ತಿದ್ದವು. ಅವುಗಳಲ್ಲಿ ಐದು ಹಿಂದಿನ ವರ್ಷಗಳವು.

“ಅತ್ತೆ, ಇವನ್ನ ಸ್ವಲ್ಪ ತೆಗೀಬಹುದಾ?” ಎಂದಳು ಶ್ಯಾಮಲಾ.

“ತೆಗಿ ತಾಯಿ, ದೇವರ ಪಟ ಇರೋವು, ಕಾಲು ತಗಲಿಸಬೇಡ.”

ಏಳನ್ನೂ ಇಳಿಸಿದರು. ಸುತ್ತಲ ಗೋಡೆ ಮಾಸಿ ಮಂಕಾಗಿತ್ತು. ಕ್ಯಾಲೆಂಡರಿನ ಹಿಂದೆ ಮಾತ್ರ ಹಳದಿ ಹೊಚ್ಚಹೊಸದಾಗಿ ಉಳಿದಿತ್ತು. ಖಾಲಿ ಗೋಡೆಯ ಬದಲು ಏಳು ಕಿಟಕಿಗಳುಳ್ಳ ಗೋಡೆ ಸಿಕ್ಕಿತು. ಆದರೂ ಆಸೆಯಿಂದ ದೇವೇಂದ್ರ ಮೂರು ಫೋಟೋ ತೆಗೆದ. ಮೂರರಲ್ಲೂ ಶ್ಯಾಮಲಾಳ ತಲೆಯ ಮೇಲೆ ಹಳದಿ ಚೌಕವೊಂದು ಕಿರೀಟದಂತೆ ಕೂತಿತ್ತು.

ಮೂವರೂ ಹೊರಗೆ ಬಂದರು. ಬೀದಿಯ ಮೊದಲ ಗೋಡೆಯಲ್ಲಿ ಸಿಮೆಂಟಿನ ಜಾಹೀರಾತು. ಎರಡನೆಯದರಲ್ಲಿ ಹಲ್ಲುಪುಡಿ. ಮೂರನೆಯದರಲ್ಲಿ ಚುನಾವಣೆಯ ಚಿಹ್ನೆ, ಅದರ ಮೇಲೆ ಎದುರು ಪಕ್ಷದವರ ಚಿಹ್ನೆ, ಅದರ ಮೇಲೆ ಬೆರಣಿ. ಶಾಲೆಗೆ ರಜೆ ಇದ್ದುದರಿಂದ ಅಲ್ಲಿಗೆ ಓಡಿದರು. ಶಾಲೆಯ ಗೋಡೆಯ ತುಂಬ ಅರಸ, ಆಗಸ, ಇಲಿ, ಈಚಲಮರ. ಹದಿನಾಲ್ಕರ ಮಗ್ಗಿ ಕೂಡ ಇತ್ತು. ಹನ್ನೆರಡು ಗಂಟೆಯಾಯಿತು.

ಇಷ್ಟು ಹೊತ್ತಿಗೆ ಅವರ ಹಿಂದೆ ಕರಿಯಪ್ಪ ಸೇರಿಕೊಂಡಿದ್ದ. ಅವನು ದೇವಸ್ಥಾನದಲ್ಲಿ ಪ್ರವಾಸಿಗರಿಗೆ ಶಿಲ್ಪ ತೋರಿಸುವವನು. ಅವತ್ತು ಗಿರಾಕಿ ಇರಲಿಲ್ಲ, ಕೈಯಲ್ಲಿ ಛತ್ರಿ ಇತ್ತು, ಬಾಯಿ ಸುಮ್ಮನಿರುವ ಜಾತಿಯದಲ್ಲ.

“ಗೋಡೆ ಹುಡುಕ್ತಾ ಇದೀರಾ ಸಾರ್? ಹಳೇಬೀಡಲ್ಲಿ ಗೋಡೆಗೇನು ಬರ? ಪ್ರಪಂಚದಿಂದ ಜನ ಗೋಡೆ ನೋಡಕ್ಕೇ ಇಲ್ಲಿಗೆ ಬತ್ತಾರೆ. ಬನ್ನಿ ನನ್ನ ಜೊತೆ.”

ಅವಸರದಲ್ಲಿದ್ದವನಿಗೆ ಯೋಚಿಸುವ ಶಕ್ತಿ ಇರುವುದಿಲ್ಲ. ದೇವೇಂದ್ರ ಹೋದ. ಕರಿಯಪ್ಪ ದೇವಸ್ಥಾನದ ಗೋಡೆಯ ಮುಂದೆ ನಿಂತು, ರೂಢಿಯ ಬಲದಿಂದ, ಛತ್ರಿಯನ್ನು ಮೇಲಿನಿಂದ ಕೆಳಕ್ಕೆ ಆಡಿಸಿದ. “ಕೆಳಗೆ ಆನೆ ಸಾಲು, ಅದರ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಕುದುರೆ, ಪುರಾಣದ ಕತೆ. ಒಂದು ಬೆರಳಗಲ ಜಾಗ ಖಾಲಿ ಬಿಟ್ಟಿಲ್ಲ ನೋಡಿ ಸಾರ್.”

ಚಿಕ್ಕಂದಿನಿಂದ ಆ ದೇವಸ್ಥಾನವನ್ನು ಹೆಮ್ಮೆಯಿಂದ ನೋಡಿದ್ದ ದೇವೇಂದ್ರನಿಗೆ ಹೊಯ್ಸಳರ ಶಿಲ್ಪಿಗಳ ಮೇಲೆ ಜೀವನದಲ್ಲಿ ಮೊದಲ ಸಲ ಸಿಟ್ಟು ಬಂತು. ಇಷ್ಟು ದೊಡ್ಡ ಗುಡಿಯಲ್ಲಿ ಆರಡಿಗೆ ಮೂರಡಿ ಬಿಟ್ಟಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಇಲ್ಲಿ ಫೋಟೋ ತೆಗೆದರೆ ಸಮ್ಯಕನ ಕಂಪ್ಯೂಟರ್ ಸಾಲಾನೆಗಳಿಗೆಲ್ಲ ರೇಷ್ಮೆ ಸೀರೆ ಉಡಿಸುತ್ತದೆ ಎಂದು ನೆನೆದು ಅವನು ಕ್ಯಾಮೆರಾ ಎತ್ತಲೇ ಇಲ್ಲ.

“ಹಂಗಾದ್ರೆ ಹುಲಿಕೆರೆ ಕೊಳ ನೋಡಿ ಸಾರ್, ಆಟೋದಲ್ಲಿ ಎಷ್ಟೊತ್ತು. ಅಲ್ಲಿ ಸುತ್ತ ಗೋಡೆನೇ,” ಎಂದ ಕರಿಯಪ್ಪ.

ನಾಲ್ವರೂ ಆಟೋ ಹತ್ತಿದರು. ಹುಲಿಕೆರೆಯ ಮೆಟ್ಟಿಲುಕೊಳದ ಸುತ್ತ ನಿಜವಾಗಿಯೂ ಗೋಡೆಯಿತ್ತು. ಆ ಗೋಡೆಯ ಸುತ್ತ ಗೂಡುಗಳಿದ್ದವು, ಗೂಡಿಗೊಂದು ಗೋಪುರವಿತ್ತು. ಹೋಗಿ ಬರುವುದರೊಳಗೆ ಮುಕ್ಕಾಲು ಗಂಟೆ ಮುಗಿಯಿತು. ವಾಪಸು ಹಳೇಬೀಡಿನಲ್ಲಿ ಇಳಿದಾಗ ಒಂದು ಗಂಟೆ ಐವತ್ತು ನಿಮಿಷ. ದೇವೇಂದ್ರ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತ.

“ಸೋತ್ರಾ?” ಎಂದಳು ಶ್ಯಾಮಲಾ. ಅವಳ ಮುಖದಲ್ಲಿ ನಗು ಇರಲಿಲ್ಲ. “ಬಿಡಿ. ನಿಮ್ಮವ್ವ ಯಾವುದು ತಂದ್ರೆ ಅದನ್ನ ಉಟ್ಕೊತೀನಿ. ಅಕ್ಕನೂ ಹಂಗೇ ಅಂದ್ಕೊಂಡಿದ್ಲು.”

ಈ ಮಾತಿಗೆ ದೇವೇಂದ್ರ ತಲೆಯೆತ್ತಿದ. ತಲೆಯೆತ್ತಿದ್ದರಿಂದಲೇ ಅವನಿಗೆ ಅದು ಕಂಡಿತು. ರಸ್ತೆಯಾಚೆ, ಪ್ರವಾಸಿಗರ ಬಸ್ಸು ನಿಲ್ಲುವ ಬಯಲಿನ ಮೂಲೆಯಲ್ಲಿ, ಆಳೆತ್ತರಕ್ಕಿಂತ ಎತ್ತರದ, ಕೆನೆಬಣ್ಣದ, ಗೀಟಿಲ್ಲದ, ಮೊಳೆಯಿಲ್ಲದ, ಅಕ್ಷರವಿಲ್ಲದ ಒಂದು ಗೋಡೆ. ಬಿಸಿಲು ಎದುರಿನಿಂದ ಅದರ ಮೇಲೆ ಸಮನಾಗಿ ಬಿದ್ದಿತ್ತು. ಅವನ ಕಣ್ಣಲ್ಲಿ ನೀರು ಬಂತು.

“ಅದಾ?” ಎಂದು ಸುವರ್ಣಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. “ಅದು ಬಸ್ಸಿನಲ್ಲಿ ಬರೋರಿಗೆ ಕಟ್ಟಿರೋ ಕಕ್ಕಸು ಕಣ್ರೀ. ಮದುವೆ ಹೆಣ್ಣನ್ನ ಅದರ ಗೋಡೆಗೆ ನಿಲ್ಲಿಸ್ತೀರಾ? ಆಮೇಲೆ ನಿಮ್ಮವ್ವಂಗೆ ಗೊತ್ತಾದ್ರೆ ನನ್ನ ಗತಿ ಏನು?”

ಎಲ್ಲರೂ ಶ್ಯಾಮಲಾಳನ್ನು ನೋಡಿದರು. ಅವಳು ಗೋಡೆಯನ್ನು ನೋಡಿದಳು.

“ಇನ್ನೂ ಉದ್ಘಾಟನೆ ಆಗಿಲ್ಲ ಅತ್ತೆ, ಬೀಗನೇ ತೆಗೆದಿಲ್ಲ,” ಎಂದಳು. “ಉದ್ಘಾಟನೆ ಆಗೋವರೆಗೂ ಅದು ಬರೀ ಗೋಡೆ. ನಮ್ಮೆಲ್ಲರ ಮನೆಗಿಂತ ಮಡೀಲಿ ಐತೆ.”

ದೇವೇಂದ್ರನಿಗೆ ಆ ಕ್ಷಣ ಅವಳ ಮೇಲೆ ಹುಟ್ಟಿದ ಪ್ರೀತಿಯನ್ನು ಬರೆಯಲು ಇಲ್ಲಿ ಜಾಗವಿಲ್ಲ, ಬಸ್ಸಿಗೆ ಇನ್ನು ಮೂವತ್ತೈದು ನಿಮಿಷ ಮಾತ್ರ ಉಳಿದಿತ್ತು.

ಶ್ಯಾಮಲಾ ಗೋಡೆಗೆ ಬೆನ್ನು ಕೊಟ್ಟು ನಿಂತಳು. ಸುವರ್ಣಮ್ಮ ವೇಲ್ ತೆಗೆಯಲು ಬಿಡಲಿಲ್ಲ. ಚೀಟಿ ಓದಿ ಹೇಳಿದ ಮೇಲೆ ತೆಗೆಯಲು ಬಿಟ್ಟಳು, ಆದರೆ ಅದನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದು, ಕ್ಯಾಮೆರಾಕ್ಕೂ ಹುಡುಗಿಗೂ ನಡುವೆ ಪರದೆಯ ಹಾಗೆ ನಿಂತಳು. ಒಂದು ಫೋಟೋ ವೇಲಿಗೆ ಹೋಯಿತು. ಅವಳನ್ನು ಪಕ್ಕಕ್ಕೆ ಸರಿಸುವುದರೊಳಗೆ ಕರಿಯಪ್ಪನಿಗೆ ಸಹಿಸಲಾಗಲಿಲ್ಲ.

“ಏನಮ್ಮಾ ಇದು, ಕಂಬ ನೆಟ್ಟಂಗೆ ನಿಂತಿದೀಯ. ಬೇಲೂರಿನ ಶಿಲಾಬಾಲಿಕೆಯರನ್ನ ನೋಡಿಲ್ವಾ? ಒಬ್ಬಳಾದ್ರೂ ನೆಟ್ಟಗೆ ನಿಂತವಳೆ? ಕತ್ತು ಇತ್ತ, ಸೊಂಟ ಅತ್ತ, ಮಂಡಿ ಇತ್ತ. ಎಂಟುನೂರು ವರ್ಷದಿಂದ ಜನ ನೋಡ್ತಾ ಇರೋದು ಅದಕ್ಕೇ.”

“ಅವರಿಗೆ ಯಾರೂ ಸೀರೆ ಉಡಿಸೋದು ಬೇಕಿರ್ಲಿಲ್ಲ ಕಣಣ್ಣ. ಸುಮ್ನಿರು,” ಎಂದ ದೇವೇಂದ್ರ.

ಕರಿಯಪ್ಪ ಸುಮ್ಮನಾದ. ಆದರೆ ತಪ್ಪನ್ನು ತಿದ್ದಲು ಹತ್ತಿರ ಬಂದಿದ್ದನಲ್ಲ, ಅವನ ಛತ್ರಿಯ ನೆರಳು ಫೋಟೋದಲ್ಲಿ ಬಿತ್ತು. ಅಷ್ಟರಲ್ಲಿ ಒಂದು ಪ್ರವಾಸಿ ಬಸ್ಸು ಬಂದು ನಿಂತು ಐವತ್ತು ಜನ ಇಳಿದರು. ಬೀಗ ಹಾಕಿದ ಕಕ್ಕಸಿನ ಗೋಡೆಗೆ ಒಬ್ಬ ಹುಡುಗಿ ಎರಡು ಕೈ ಅಗಲಿಸಿ, ನಗದೆ, ಅಲ್ಲಾಡದೆ ನಿಂತಿರುವುದನ್ನು ಕಂಡು ಅವರಲ್ಲಿ ಅರ್ಧ ಜನ ದೇವಸ್ಥಾನ ಮರೆತರು. ಶೂಟಿಂಗ್ ಇರಬೇಕು ಎಂದ ಒಬ್ಬ. ಸತ್ಯಾಗ್ರಹ ಇರಬೇಕು, ಬೀಗ ತೆಗೆಸೋದಕ್ಕೆ, ಎಂದ ಇನ್ನೊಬ್ಬ. ಅವಸರದಲ್ಲಿದ್ದ ಒಬ್ಬ ಯಜಮಾನರು ನೇರವಾಗಿ ಬಂದು, “ಬೇಗ ತೆಗೆಸಮ್ಮ ತಾಯಿ, ತಡ್ಕೊಳಕ್ಕಾಗ್ತಿಲ್ಲ,” ಎಂದು ಅವಳ ಪಕ್ಕದಲ್ಲೇ ನಿಂತುಬಿಟ್ಟರು. ಅವರದೂ ಒಂದು ಫೋಟೋ ಬಂತು.

ಕ್ಯಾಮೆರಾ ಕೆಂಪು ದೀಪ ಮಿಟುಕಿಸತೊಡಗಿತು. ಸೆಲ್ಲು ಮುಗಿಯುತ್ತಿತ್ತು. ಎರಡು ಗಂಟೆ ಇಪ್ಪತ್ತೆರಡು ನಿಮಿಷ. ಬಸ್ ಸ್ಟ್ಯಾಂಡಿನಿಂದ ಅರಸೀಕೆರೆ, ಅರಸೀಕೆರೆ ಎಂದು ಕಂಡಕ್ಟರ್ ಕೂಗುವುದು ಕೇಳಿಸಿತು. ದೇವೇಂದ್ರ ಸೆಲ್ಲು ಹೊರತೆಗೆದು ಅಂಗೈಯಲ್ಲಿ ಉಜ್ಜಿ, ಬಿಸಿಲಿಗೆ ಹಿಡಿದು, ಮನೆದೇವರನ್ನು ನೆನೆದು ಮತ್ತೆ ಹಾಕಿದ. ಸುವರ್ಣಮ್ಮ ಯಜಮಾನರ ತೋಳು ಹಿಡಿದು ಎಳೆದುಕೊಂಡು ಹೋದಳು. ಕರಿಯಪ್ಪ ಛತ್ರಿ ಮಡಿಸಿ ಜನವನ್ನು ಹಿಂದಕ್ಕೆ ತಳ್ಳಿದ. ಶ್ಯಾಮಲಾ ನೆಟ್ಟಗೆ ನಿಂತಳು, ಎರಡು ಕೈಯಲ್ಲೂ ನೀರು ತುಂಬಿದ ಕೊಡಪಾನ ಹಿಡಿದವಳಂತೆ ಕೈ ದೂರ ಇಟ್ಟಳು, ಎದುರಿಗೆ ನೋಡಿದಳು. ದೇವೇಂದ್ರ ಒತ್ತಿದ. ಕ್ಯಾಮೆರಾ ಒಂದು ಸಲ ಕೀಂ ಎಂದು ಕಣ್ಣು ಮುಚ್ಚಿತು.

“ಬಂತಾ?” ಎಂದು ಕೇಳಿದಳು.

“ಬಂತು ಅನ್ಸುತ್ತೆ.”

“ಆರು ಗಂಟೆಗೆ ಅತ್ತೆ ಮನೆಯಿಂದ ಅಂಗಡಿಗೆ ಫೋನ್ ಮಾಡ್ತೀನಿ. ಬಣ್ಣ ಹೇಳಿ ಸಾಕು,” ಎಂದಳು ಶ್ಯಾಮಲಾ. ಆಮೇಲೆ ಮೆಲ್ಲಗೆ, “ನೀವು ಇಷ್ಟು ಓಡಾಡ್ತೀರಿ ಅಂದ್ಕೊಂಡಿರ್ಲಿಲ್ಲ,” ಎಂದಳು. ಆ ಮಾತಿನ ಬಲದಿಂದ ದೇವೇಂದ್ರ ಹೊರಟ ಬಸ್ಸಿನ ಹಿಂದೆ ಓಡಿ ಏಣಿ ಹಿಡಿದ. ಕಂಡಕ್ಟರ್ ಬೈಯುತ್ತ ಒಳಗೆ ಎಳೆದುಕೊಂಡ.

ಬಸ್ಸು ಕೈ ಅಡ್ಡ ಹಾಕಿದವರಿಗೆಲ್ಲ ನಿಂತಿತು. ಒಂದು ಕಡೆ ಇಪ್ಪತ್ತು ಚೀಲ ತೆಂಗಿನಕಾಯಿಯನ್ನು ಮೇಲಕ್ಕೆ ಏರಿಸಿದರು, ಮೂರು ಊರು ದಾಟಿ ಅವನ್ನೇ ಇಳಿಸಿದರು. ದೇವೇಂದ್ರ ಐದೈದು ನಿಮಿಷಕ್ಕೊಮ್ಮೆ ಗಡಿಯಾರ ನೋಡಿದ. ಅವನು ಮರಿಯಣ್ಣನ ಅಂಗಡಿಯ ಮೆಟ್ಟಿಲು ಹತ್ತಿದಾಗ ನಾಲ್ಕು ಗಂಟೆ ಹದಿನೈದು ನಿಮಿಷ. ಮರಿಯಣ್ಣ ಮನೆಗೆ ಹೋಗಿದ್ದರು, ಐದಕ್ಕೆ ಬರುತ್ತಾರೆ ಎಂದ ಸಮ್ಯಕ್. ಅಂಗಡಿಯಲ್ಲಿ ಕರೆಂಟೂ ಇರಲಿಲ್ಲ.

ಬೇರೆಯವರಾಗಿದ್ದರೆ ಕರೆಂಟ್ ಆಫೀಸಿಗೆ ಬೈಯಬಹುದಿತ್ತು. ದೇವೇಂದ್ರ ಫೋನು ಎತ್ತಿ, ದನಿ ಬದಲಿಸಿ, ತನ್ನ ಆಫೀಸಿಗೇ ಕರೆ ಮಾಡಿದ. “ಹಲೋ, ಪೇಟೆ ಬೀದಿಗೆ ಕರೆಂಟು ಯಾವಾಗ ಕೊಡ್ತೀರಿ?”

“ನಾಲ್ಕೂವರೆಗೆ,” ಎಂದ ಆ ಕಡೆಯಿಂದ ಧರ್ಮೇಶ. “ಜ್ವರ ಬಿಡ್ತಾ? ಕ್ಯಾಮೆರಾ ಹುಷಾರು.”

ನಾಲ್ಕೂವರೆಗೆ ಸರಿಯಾಗಿ ಕರೆಂಟು ಬಂತು. ಆ ಆಫೀಸಿನ ಇತಿಹಾಸದಲ್ಲಿ ಅದೊಂದು ದಿನ ಎಂದು ದೇವೇಂದ್ರನಿಗೇ ಅನ್ನಿಸಿತು. ಸಮ್ಯಕ್ ಫೋಟೋ ಇಳಿಸಿಕೊಂಡು ದೊಡ್ಡದು ಮಾಡಿ, ಹಿಂದು ಮುಂದು ನೋಡಿ, “ಎಂಥ ಗೋಡೆ ಸಾರ್,” ಎಂದು ಉದ್ಗರಿಸಿದ. “ಹಾಸನದ ಸ್ಟುಡಿಯೋದವರೂ ಇಂಥ ಫೋಟೋ ತಂದಿಲ್ಲ. ಎಲ್ಲಿ ಸಿಕ್ತು?”

“ಅದೊಂದು ಕೇಳಬೇಡ. ಉಡಿಸು.”

ಸಮ್ಯಕ್ ಒಂದು ಗುಂಡಿ ಒತ್ತಿದ. ಶ್ಯಾಮಲಾ ದಾಳಿಂಬೆ ಕೆಂಪಿನ ಸೀರೆಯಲ್ಲಿ ನಿಂತಿದ್ದಳು. ಇನ್ನೊಂದು ಒತ್ತಿದ. ಅರಿಶಿನ ಬಣ್ಣ. ಇನ್ನೊಂದು, ನವಿಲು ಬಣ್ಣ. ನಾಲ್ಕನೆಯದು ಜೇನು ಬಣ್ಣದ ಒಡಲಿಗೆ ಕುಂಕುಮದ ಅಂಚು. ದೇವೇಂದ್ರ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡ. ಅದನ್ನುಟ್ಟು ಅವಳು ಪರದೆಯೊಳಗಿಂದ ಅವನನ್ನೇ ನೋಡುತ್ತಿದ್ದಳು. ಇದೇ ಧಾರೆ ಸೀರೆ ಎಂದು ಅವನ ಮನಸ್ಸು ಹೇಳಿತು. ಆಗ ನಾಲ್ಕು ಗಂಟೆ ನಲವತ್ತು ನಿಮಿಷ. ಆ ಸೀರೆಯ ನಂಬರು ಬರೆದುಕೊಂಡು, ಅವ್ವನ ಮುಂದೆ ಅದನ್ನೇ ಮೊದಲು ಹರಡು ಎಂದು ಸಮ್ಯಕನಿಗೆ ಹೇಳಿ, ಹೊರಗೆ ಹೋಗಿ ಏನೂ ಅರಿಯದವನಂತೆ ನಿಂತಿದ್ದರೆ ಈ ಕತೆ ಇಲ್ಲಿಗೇ ಮಂಗಳವಾಗುತ್ತಿತ್ತು.

ಆದರೆ ಬೆಳಿಗ್ಗೆಯಿಂದ ಓಡಿ ಸುಸ್ತಾದ ಮನುಷ್ಯ. ಮದುವೆಯಾಗುವ ಹುಡುಗಿಯನ್ನು ನಡುವೆ ಕುರ್ಚಿಯಿಲ್ಲದೆ ನೋಡುವ ಅವಕಾಶ ಅವನಿಗೆ ಇದೇ ಮೊದಲು ಸಿಕ್ಕಿತ್ತು.

“ಇನ್ನೊಂದು ಹಾಕು,” ಎಂದ. ಸಮ್ಯಕ್ ಹಾಕಿದ. “ಇನ್ನೊಂದು.” ಪ್ರತಿ ಸೀರೆಯಲ್ಲೂ ಅವಳು ಬೇರೆ ಶ್ಯಾಮಲಾ ಆಗುತ್ತಿದ್ದಳು. ಹತ್ತೊಂಬತ್ತನೆಯದರ ಹೆಸರು ಪರದೆಯ ಮೇಲೆ ಬಂದಾಗ ಮಾತ್ರ ದೇವೇಂದ್ರ ಬೆಚ್ಚಿ ಸಮ್ಯಕನ ಕೈ ಹಿಡಿದುಕೊಂಡ. ಬದನೆಕಾಯಿ ಬಣ್ಣ, ಗಿಳಿಹಸಿರು ಅಂಚು ಎಂದು ಬರೆದಿತ್ತು.

“ಅದೊಂದು ಬೇಡ. ಅದನ್ನ ಅವಳ ಮೇಲೆ ಹಾಕಲೇಬೇಡ. ಅದೊಂದು ಬಿಟ್ಟು ಉಳಿದವೆಲ್ಲ ತೋರಿಸು.”

ಸಮ್ಯಕನಿಗೂ ಅಂಥ ಒಳ್ಳೆಯ ಫೋಟೋ ಹಿಂದೆ ಸಿಕ್ಕಿರಲಿಲ್ಲ, ಅವನೂ ಹುರುಪಿನಿಂದ ತೋರಿಸಿದ. ಕೊನೆಯ ಸೀರೆ ಪರದೆಯ ಮೇಲಿದ್ದಾಗ ದೇವೇಂದ್ರನ ಬೆನ್ನ ಹಿಂದೆ ಬಳೆ ಸದ್ದಾಯಿತು.

“ಏನ್ಲಾ ಅದು?”

ಹನುಮಕ್ಕ ಮೂವರು ಮುತ್ತೈದೆಯರ ಜೊತೆ ನಿಂತಿದ್ದಳು. ಗೋಡೆಯ ಗಡಿಯಾರ ಐದು ಹೊಡೆಯುತ್ತಿತ್ತು. ಮರಿಯಣ್ಣನೂ ಆಗ ತಾನೆ ಬಂದು ಗಲ್ಲಾದ ಹತ್ತಿರ ಕೂರುತ್ತಿದ್ದರು.

“ಅದು ಶ್ಯಾಮಲಾ ಅಲ್ವಾ? ಯಾವಾಗ ಬಂದಿದ್ಲು? ಯಾವಾಗ ಉಟ್ಲು ಈ ಸೀರೆಯ?”

“ಅವಳು ಉಟ್ಟಿಲ್ಲ ಅವ್ವ. ಫೋಟೋಗೆ ಕಂಪ್ಯೂಟರ್ ಉಡಿಸಿರೋದು. ಸೀರೆ ಬೀರುವಲ್ಲೇ ಐತೆ, ಮಡಿಕೆ ಕೂಡ ಬಿಚ್ಚಿಲ್ಲ.”

“ಫೋಟೋ ಎಲ್ಲಿ ಸಿಕ್ತು ಅನ್ನೋದನ್ನ ಮನೇಲಿ ವಿಚಾರಿಸ್ಕೊತೀನಿ. ಉಡಿಸಿದ್ದು ಯಾರಾದ್ರೇನು, ಉಟ್ಟಿರೋದು ಅವಳು ತಾನೆ? ಮುಖ ಅವಳ್ದು, ಕೈ ಅವಳ್ದು.”

“ಅಕ್ಕ, ಅದು ಬರೀ ಪಟ,” ಎಂದು ಮರಿಯಣ್ಣ ನಡುವೆ ಬಾಯಿ ಹಾಕಿದರು. “ಪಟಕ್ಕೆ ಉಡಿಸಿದ್ರೆ ಮನುಷ್ಯರಿಗೆ ಉಡಿಸ್ದಂಗೆ ಆಗುತ್ತಾ?”

ಹನುಮಕ್ಕ ಅವರ ತಲೆಯ ಮೇಲೆ ತೂಗುಹಾಕಿದ್ದ ಲಕ್ಷ್ಮಿಯ ಪಟದ ಕಡೆ ಕೈ ತೋರಿಸಿದಳು.

“ಬೆಳಿಗ್ಗೆ ಈ ಹೂವ ಯಾರಿಗೆ ಏರಿಸ್ದೆ ಮರಿಯಣ್ಣ? ಕಾಗದಕ್ಕೋ, ಲಕ್ಷ್ಮಿಗೋ? ಬರೀ ಪಟ ಅಂತ ಆ ಹೂವ ತೆಗೆದು ನಿನ್ನ ಸೊಸೆಗೆ ಮುಡಿಸ್ತೀಯಾ?”

ಮರಿಯಣ್ಣ ಲಕ್ಷ್ಮಿಯನ್ನು ನೋಡಿದರು, ಕೈ ಮುಗಿದರು, ಕೂತರು. ಮೂವರು ಮುತ್ತೈದೆಯರೂ ತಲೆಯಾಡಿಸಿದರು. ದೇವೇಂದ್ರ ಪರದೆಗೆ ಅಡ್ಡವಾಗಿ ನಿಂತ.

“ಒಂದೇ ತಾನೆ ಉಡಿಸಿರೋದು?” ಎಂದಳು ಹನುಮಕ್ಕ, ಸ್ವಲ್ಪ ಮೆತ್ತಗಾಗಿ. “ಹೋಗ್ಲಿ. ನಾನು ಹೋದ ವಾರವೇ ಬಂದು ಒಂದನ್ನ ಎತ್ತಿಡ್ಸಿದೀನಿ. ಜೇನು ಬಣ್ಣದ್ದು, ಕುಂಕುಮದ ಅಂಚು. ಆ ಹುಡುಗಿಗೆ ಎದ್ದು ಕಾಣ್ತದೆ. ಮರಿಯಣ್ಣ, ಕೊಡಪ್ಪ ಅದ.”

ದೇವೇಂದ್ರನ ಕಿವಿಯಲ್ಲಿ ಬಸ್ಸು ಹೋದಂತಾಯಿತು.

“ಅದನ್ನೂ ಉಡಿಸಿದೀನಿ ಆಂಟಿ,” ಎಂದ ಸಮ್ಯಕ್, ಕೆಲಸದ ಹೆಮ್ಮೆಯಿಂದ. “ನಾಲ್ಕನೇದು. ನಮ್ಮಲ್ಲಿ ಮೂವತ್ನಾಲ್ಕು ಧಾರೆ ಸೀರೆ ಇರೋದು. ಸಾರ್ ಹೇಳಿದ್ರು ಅಂತ ಮೂವತ್ಮೂರು ಉಡಿಸಿ ತೋರಿಸ್ದೆ. ಒಂದು ಮಾತ್ರ ಬೇಡ ಅಂದ್ರು.”

“ಬೇಡ ಅಂದ್ನಾ?” ಹನುಮಕ್ಕ ಮಗನನ್ನು ತಿರುಗಿ ನೋಡಿದಳು. ಅವಳ ಮುಖ ನಿಧಾನವಾಗಿ ಅರಳಿತು. “ಅಂದ್ರೆ ನನ್ನ ಮಾತು ನಿನ್ನ ತಲೇಲಿತ್ತು ಅನ್ನು. ಧಾರೆಗೆ ಅಂತ ಒಂದನ್ನ ಮೀಸಲು ಇಟ್ಟಿದೀಯ. ಯಾವುದಪ್ಪ ಅದು, ತೆಗಿ.”

“ಅವ್ವ, ಬೇರೆ ಅಂಗಡಿ...”

“ಮೂರು ತಲೆಯಿಂದ ಇಲ್ಲೇ ತೆಗೆದಿರೋದು. ಹೊತ್ತು ಮೀರ್ತದೆ, ತೆಗಿ.”

ಮರಿಯಣ್ಣ ಬೀರು ತೆಗೆದು ಸೀರೆಯನ್ನು ಜಮಖಾನದ ಮೇಲೆ ಹರಡಿದರು. ಬದನೆಕಾಯಿ ಬಣ್ಣದ ಒಡಲು, ಗಿಳಿಹಸಿರು ಅಂಚು, ಗಿಳಿಹಸಿರು ಸೆರಗು. ಮುತ್ತೈದೆಯರು ಅದರ ಮೂಲೆಗೆ ಅರಿಶಿನ ಕುಂಕುಮ ಹಚ್ಚಿದರು. ಅರಿಶಿನ ಬಿದ್ದ ಸೀರೆಯನ್ನು ಯಾವ ಅಂಗಡಿಯೂ ವಾಪಸು ತೆಗೆದುಕೊಳ್ಳುವುದಿಲ್ಲ.

ಆರು ಗಂಟೆಗೆ ಫೋನು ಬಂತು. ದೇವೇಂದ್ರ ಎದ್ದು ಹೋಗುವಷ್ಟರಲ್ಲಿ ಹನುಮಕ್ಕ ಎತ್ತಿಕೊಂಡಿದ್ದಳು.

“ಯಾರು, ಶ್ಯಾಮಲಾನಾ? ಜವಳಿ ಆಯ್ತು ಕಣವ್ವ. ನಾನೇನೂ ಮಾಡ್ಲಿಲ್ಲ, ನಿನ್ನ ಗಂಡ ಆಗೋನೇ ಆರಿಸ್ದ. ಇಡೀ ಅಂಗಡೀಲಿ ಇದೊಂದನ್ನ ನಿನಗೆ ಅಂತ ಮೀಸಲಿಟ್ಟಿದ್ನಂತೆ. ಇರು, ಬಣ್ಣ ಅವನ ಬಾಯಲ್ಲೇ ಕೇಳು.”

ದೇವೇಂದ್ರ ಫೋನು ಕಿವಿಗಿಟ್ಟುಕೊಂಡ. “ಹೇಳಿ,” ಎಂದಳು ಶ್ಯಾಮಲಾ. ಅವಳ ದನಿಯಲ್ಲಿ ನಗುವಿತ್ತು, ನಂಬಿಕೆಯಿತ್ತು. ಅವನು ಬಣ್ಣ ಹೇಳಿದ. “ಸರಿ,” ಎಂದಳು. “ಮುಂದೆ ನಿಮ್ಮನ್ನ ಏನೂ ಕೇಳಲ್ಲ.” ಫೋನು ಇಟ್ಟಳು.

ಮೆಟ್ಟಿಲ ಮೇಲೆ ತಲೆ ಹಿಡಿದು ಕೂತ ದೇವೇಂದ್ರನ ಪಕ್ಕದಲ್ಲಿ ಸಮ್ಯಕ್ ಬಂದು ಕೂತ. ಅವನಿಗೂ ಪಾಪ ಅನ್ನಿಸಿತ್ತು.

“ತಲೆ ಕೆಡಿಸ್ಕೋಬೇಡಿ ಸಾರ್,” ಎಂದ. “ಮದುವೆ ಆಗ್ಲಿ, ಫೋಟೋಗಳನ್ನೆಲ್ಲ ನನ್ನ ಹತ್ರ ತನ್ನಿ. ಒಂದೊಂದಕ್ಕೂ ಜೇನು ಬಣ್ಣದ ಸೀರೆ ಉಡಿಸಿಕೊಡ್ತೀನಿ, ಆಲ್ಬಮ್ ನೋಡ್ದೋರಿಗೆ ಗೊತ್ತೇ ಆಗಲ್ಲ. ಹಸೆಮಣೆ ಹಿಂದೆ ಗೋಡೆ ಮಾತ್ರ ಖಾಲಿ ಇರ್ಬೇಕು.”